ಕೆರೆಗಿಡದೊಳಗಿನ ವಿಷಲೋಹ: ಮೊತ್ತ ಮತ್ತು ರೂಪ

ನವಲಗುಂದ, ಅಣ್ಣಿಗೇರಿ ಸೀಮೆಯ ಯರಿ ಭೂಮಿಯಲ್ಲಿ ಬಾವಿ ತೋಡಿದರೂ ಕೊಳವೆಬಾವಿ ಕೊರೆದರೂ ಸಿಗುವುದು ಬಹುಮಟ್ಟಿಗೆ ಸವಳು ನೀರು. ಹೀಗಾಗಿ ಅಲ್ಲಿಯ ಹಳ್ಳಿಗಳಲ್ಲಿ ಕುಡಿಯುವ ನೀರೆಂದರೆ ಕೆರೆಯ ನೀರು. ನವಿಲುತೀರ್ಥದ ಜಲಾಶಯದಿಂದ ಮಲಪ್ರಭಾ ಬಲದಂಡೆ ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಂಡು, ಮುಂದಿನ ಸರದಿ ಬರುವತನಕ ಅದನ್ನೇ ನೆಚ್ಚಿ ಬದುಕುವುದು ಅಲ್ಲಿಯ ವಾಡಿಕೆ. ಕುಂದಗೋಳದ ಕಡೆಗೆ ಹೋದರೆ ಮಳೆ ಮತ್ತು ಬೆಣ್ಣಿಹಳ್ಳ, ಕಲಘಟಗಿಯ ಕಡೆಗೆ ಹೋದರೆ ಊರೂರಿನ ಕೆರೆಗಳು ಮತ್ತು ಬೇಡ್ತಿ ನದಿಗೆ ಸೇರುವ ಹಳ್ಳಗಳು. ನೀರಿನ ಮೂಲ ಬೇರೆಬೇರೆಯಾದರೂ ಕಣ್ಣಿಗೆ ಬೀಳುವ ಹಸಿರು ಹೆಚ್ಚುಕಡಿಮೆ ಒಂದೇ: ದಂಡೆಗುಂಟ ಆಪು, ಮೇಲೆ ತೇಲುವ ಅಂತರಗಂಗೆ, ನೀರೊಳಗೆ ಹಾವಸೆ, ಅಲ್ಲಲ್ಲಿ ತಾವರೆ. ಇವುಗಳನ್ನು ಕಿತ್ತು ದಂಡೆಗೆ ಒಗೆಯುವುದಷ್ಟೇ ನಮ್ಮ ಕೆಲಸವೆಂದು ತಿಳಿದು ಬಂದಿದ್ದೇವೆ. ಈ ದತ್ತಿ ಉಪನ್ಯಾಸದಲ್ಲಿ ನಾನು ಮಂಡಿಸಬಯಸುವ ಮಾತು ಇಷ್ಟು. ನಮ್ಮ ಕೆರೆಹಳ್ಳಗಳಲ್ಲಿ ವಿಷಲೋಹಗಳು ಸೇರುತ್ತಿವೆಯೇ ಎಂದು ತಿಳಿಯಬೇಕಾದರೆ ನೀರಿನ ಜೊತೆಗೆ ಆ ನೀರಿನ ಗಿಡಗಳನ್ನೂ ಪರೀಕ್ಷಿಸಬೇಕು. ಪರೀಕ್ಷಿಸುವಾಗ ಲೋಹ ಎಷ್ಟಿದೆ ಎಂದು ಕೇಳಿ ಸುಮ್ಮನಾಗದೆ, ಅದು ಯಾವ ಸಂಯುಕ್ತದ ರೂಪದಲ್ಲಿದೆ ಎಂದೂ ಕೇಳಬೇಕು. ಎರಡನೆಯ ಪ್ರಶ್ನೆಯನ್ನು ಬಿಟ್ಟು ಮೊದಲನೆಯದಕ್ಕೆ ಮಾತ್ರ ಉತ್ತರ ಪಡೆದರೆ, ಆ ಉತ್ತರ ಕೆಲವೊಮ್ಮೆ ಜನರನ್ನು ವೃಥಾ ಹೆದರಿಸುತ್ತದೆ, ಕೆಲವೊಮ್ಮೆ ಅಪಾಯವನ್ನೇ ಮರೆಮಾಚುತ್ತದೆ.

ಮೊದಲು ಗಿಡವೇ ಏಕೆ ಎಂಬುದನ್ನು ನೋಡೋಣ. ಕುಡಿಯುವ ನೀರಿನಲ್ಲಿ ಆರ್ಸೆನಿಕ್, ಅಂದರೆ ನಮ್ಮ ಹಿರಿಯರು ಪಾಷಾಣವೆಂದು ಕರೆದ ವಸ್ತು, ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ 2012ರ ಕುಡಿಯುವ ನೀರಿನ ಮಾನಕವೂ ಸ್ವೀಕಾರಾರ್ಹ ಮಿತಿಯನ್ನು ಅಷ್ಟಕ್ಕೇ ಇಟ್ಟಿದೆ. ಹತ್ತು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲು. ಇಷ್ಟು ಸೂಕ್ಷ್ಮ ಮೊತ್ತವನ್ನು ಹಿಡಿಯಲು ನಾವು ಒಂದು ದಿನ ಬಾಟಲಿಯಲ್ಲಿ ನೀರು ತುಂಬಿ ಕಳಿಸುತ್ತೇವೆ. ಆ ಬಾಟಲಿ ಹೇಳುವುದು ಆ ಗಳಿಗೆಯ ನೀರಿನ ಸುದ್ದಿಯನ್ನು ಮಾತ್ರ. ಬೆಣ್ಣಿಹಳ್ಳದ ಸ್ವಭಾವ ಈ ಸೀಮೆಯವರಿಗೆ ಹೊಸದಲ್ಲ: ಬೇಸಿಗೆಯಲ್ಲಿ ಕಾಲು ತೋಯದಷ್ಟು, ಮಳೆ ಬಿದ್ದ ರಾತ್ರಿ ಹೊಲಗಳನ್ನು ನುಂಗುವಷ್ಟು. ಅಂಥ ಹಳ್ಳದಲ್ಲಿ ಒಂದು ದಿನ ಹರಿದುಹೋದ ಲೋಹವನ್ನು ಮಾರನೆಯ ದಿನದ ಬಾಟಲಿ ಕಾಣಲಾರದು. ಗಿಡವಾದರೋ ವಾರಗಟ್ಟಲೆ, ತಿಂಗಳುಗಟ್ಟಲೆ ಅದೇ ನೀರಿನಲ್ಲಿ ನಿಂತು, ಬಂದುಹೋದದ್ದನ್ನೆಲ್ಲ ಕಿರ್ದಿಯಲ್ಲಿ ಜಮಾ ಮಾಡಿಕೊಳ್ಳುವಂತೆ ತನ್ನ ಅಂಗಾಂಶದಲ್ಲಿ ಕೂಡಿಹಾಕುತ್ತದೆ. ನ್ಯೂಜಿಲೆಂಡಿನ ವೈಕಾಟೊ ನದಿಗೆ ಭೂಗರ್ಭದ ಬಿಸಿನೀರಿನಿಂದ ಆರ್ಸೆನಿಕ್ ಬಂದು ಸೇರುತ್ತದೆ. ಅಲ್ಲಿಯ ಜಲಸಸ್ಯಗಳನ್ನು ಪರೀಕ್ಷಿಸಿ ರೇ ಎಂಬ ವಿಜ್ಞಾನಿ 1972ರಲ್ಲಿ ಪ್ರಕಟಿಸಿದ ಲೇಖನ, ನೀರಿನಲ್ಲಿ ಅತ್ಯಲ್ಪವಾಗಿದ್ದ ಆರ್ಸೆನಿಕ್ ಗಿಡದಲ್ಲಿ ಅದರ ಸಾವಿರಾರು ಪಟ್ಟು ಸಾಂದ್ರವಾಗಿರುವುದನ್ನು ತೋರಿಸಿತು. ನೆರೆಯ ತಮಿಳುನಾಡಿನ ಕೊಡೈಕೆನಾಲಿನಲ್ಲಿ ಥರ್ಮಾಮೀಟರ್ ಕಾರ್ಖಾನೆಯೊಂದರ ಸುತ್ತ ಪಾದರಸ ಹರಡಿದ್ದನ್ನು ಹೈದರಾಬಾದಿನ ವಿಜ್ಞಾನಿಗಳು 2003ರಲ್ಲಿ ದಾಖಲಿಸಿದ್ದು ಕಲ್ಲುಹೂ ಮತ್ತು ಹಾವಸೆಗಳ ಸಾಕ್ಷ್ಯದಿಂದಲೇ. ಗಾಳಿಗೂ ನೀರಿಗೂ ನೆನಪಿಲ್ಲ. ಅವುಗಳನ್ನು ಹೀರಿ ಬೆಳೆದದ್ದಕ್ಕೆ ಇದೆ.

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಇಂಥ ಅಳತೆಗೆ ಕಾರಣವಾದರೂ ಏನು ಎಂದು ಕೇಳಬಹುದು. ಕಾರಣಗಳು ಮೂರು ಕಡೆಯಿಂದ ಬರುತ್ತವೆ. ಹುಬ್ಬಳ್ಳಿ-ಧಾರವಾಡ ನಗರಗಳ ಕೊಳಚೆ ನೀರು ನಾಲಾಗಳ ಮೂಲಕ ಹಳ್ಳಗಳಿಗೆ ಇಳಿಯುತ್ತದೆ. ಆ ನೀರಿನಿಂದ ರೈತರು ಬೆಳೆ ತೆಗೆಯುವುದನ್ನು ಬ್ರಿಟನ್ನಿನ ಆಂಡ್ರೂ ಬ್ರಾಡ್‌ಫರ್ಡ್, ರಾಬರ್ಟ್ ಬ್ರೂಕ್ ಅವರೂ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಿ.ಎಸ್. ಹುನಶಾಳ ಅವರೂ ಕೂಡಿ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಕೊಳವೆಬಾವಿ ದುಬಾರಿ, ಅದರ ನೀರು ಸವಳು, ಕೊಳಚೆಯಾದರೆ ವರ್ಷವಿಡೀ ಪುಕ್ಕಟೆ ಹರಿಯುತ್ತದೆ, ಅದರಲ್ಲಿ ಗೊಬ್ಬರವೂ ಇದೆ. ರೈತನ ಈ ಲೆಕ್ಕದಲ್ಲಿ ತಪ್ಪಿಲ್ಲ; ಆ ನೀರಿನ ಜೊತೆ ನಗರದ ಗ್ಯಾರೇಜು, ಬ್ಯಾಟರಿ ಅಂಗಡಿ, ಲೋಹಲೇಪನದ ಘಟಕಗಳಿಂದ ಏನು ಬರಬಹುದು ಎಂಬುದನ್ನು ಅವನಿಗೆ ಅಳೆದು ಹೇಳುವವರು ಬೇಕು. ಎರಡನೆಯದು ನಮ್ಮ ಹೊಲಗಳದೇ ಕೊಡುಗೆ. ರಂಜಕದ ಗೊಬ್ಬರಗಳನ್ನು ತಯಾರಿಸುವ ಶಿಲೆಯಲ್ಲಿ ಕ್ಯಾಡ್ಮಿಯಂ ಅಲ್ಪಸ್ವಲ್ಪ ಇದ್ದೇ ಇರುತ್ತದೆ, ಹೊಲದ ನೀರು ಕಡೆಗೆ ಹಳ್ಳಕ್ಕೋ ಕೆರೆಗೋ ಸೇರುತ್ತದೆ. ಮೂರನೆಯದು ನೆಲದ ಅಡಿಯದು. ಭೂವಿಜ್ಞಾನಿಗಳು ಧಾರವಾಡದ ಹೆಸರಿನಿಂದಲೇ ಗುರುತಿಸುವ ಪ್ರಾಚೀನ ಶಿಲಾಸಮೂಹದಲ್ಲಿ ಬಂಗಾರ ಇರುವಲ್ಲಿ ಆರ್ಸೆನಿಕ್ ಖನಿಜವೂ ಜೊತೆಗಿರುವುದುಂಟು. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ, ಮುಚ್ಚಿಹೋದ ಮಂಗಳೂರು ಚಿನ್ನದ ಗಣಿಯ ಹತ್ತಿರದ ಕಿರದಳ್ಳಿ ತಾಂಡಾದ ಜನರ ಮೈಮೇಲೆ ಆರ್ಸೆನಿಕ್‌ನ ಚರ್ಮರೋಗ ಕಾಣಿಸಿಕೊಂಡದ್ದನ್ನು 2013ರ ಅಧ್ಯಯನ ವಿವರಿಸಿದೆ. ಅಲ್ಲಿಯ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಇತ್ತು, ಮಣ್ಣಿನಲ್ಲಿಯೂ ಇತ್ತು. ಆದರೆ ಅದು ಬೆಳಕಿಗೆ ಬಂದದ್ದು ಜನರ ಅಂಗೈ ಅಂಗಾಲು ಗಂಟುಗಟ್ಟಿದ ಮೇಲೆ. ಕಿರದಳ್ಳಿಯ ಸ್ಥಿತಿಯನ್ನು ನವಲಗುಂದಕ್ಕೋ ಕುಂದಗೋಳಕ್ಕೋ ಆರೋಪಿಸುವುದು ಸರಿಯಲ್ಲ, ಇಲ್ಲಿ ಅಂಥ ಗಣಿಯಿಲ್ಲ. ಅಲ್ಲಿಂದ ಕಲಿಯಬೇಕಾದ್ದು, ದೇಹವೇ ಅಳತೆಯ ಉಪಕರಣವಾಗುವವರೆಗೆ ಕಾಯಬಾರದು ಎಂಬುದನ್ನು.

ಇನ್ನು ರೂಪದ ಪ್ರಶ್ನೆ. ಕಡಲಪಾಚಿಯಲ್ಲಿ ಆರ್ಸೆನಿಕ್ ಹೇರಳವಾಗಿರುವುದು ಇಂಗ್ಲೆಂಡಿನಲ್ಲಿ 1922ರಷ್ಟು ಹಿಂದೆಯೇ ಗೊತ್ತಾಗಿತ್ತು. ಮೀನು, ಸಿಗಡಿಗಳಲ್ಲಿಯೂ ಅದು ಸಿಗುತ್ತಿತ್ತು. ಮೊತ್ತವನ್ನೇ ನಂಬಿದ್ದರೆ ಇವನ್ನು ತಿನ್ನುವ ಜಪಾನಿನ ಜನ ಶತಮಾನಗಳಿಂದ ನಿತ್ಯ ವಿಷ ತಿನ್ನುತ್ತಿದ್ದಾರೆ ಎನ್ನಬೇಕಾಗುತ್ತಿತ್ತು. ಆಸ್ಟ್ರೇಲಿಯಾದ ಎಡ್ಮಂಡ್ಸ್ ಮತ್ತು ಫ್ರಾನ್ಸೆಸ್ಕೋನಿ 1977ರಲ್ಲಿ ತಮ್ಮ ಕಡಲಿನ ದೊಡ್ಡ ಸಿಗಡಿಯಲ್ಲಿರುವ ಆರ್ಸೆನಿಕ್ ಬಹುಪಾಲು ಆರ್ಸೆನೊಬೀಟೈನ್ ಎಂಬ ಸಂಯುಕ್ತವೆಂದು ಗುರುತಿಸಿದರು. ತಿಂದರೆ ಅದು ಬದಲಾಗದೆ ಮೂತ್ರದಲ್ಲಿ ಹೊರಬೀಳುತ್ತದೆ, ವಿಷವೆನ್ನುವಂತಿಲ್ಲ. 1981ರಲ್ಲಿ ಅವರೇ ಕಂದು ಕಡಲಪಾಚಿಯಲ್ಲಿ ಆರ್ಸೆನಿಕ್ ಸಕ್ಕರೆಗಳಿಗೆ ಅಂಟಿಕೊಂಡಿರುವುದನ್ನು ತೋರಿಸಿದರು. ಇವೂ ಪಾಷಾಣದಷ್ಟು ಉಗ್ರವಲ್ಲ. ಆದರೆ ಅದೇ ಕಂದುಪಾಚಿಗಳ ಬಳಗದ ಹಿಜಿಕಿ ಎಂಬ ಒಂದು ಬಗೆಯಲ್ಲಿ ಬಹಳಷ್ಟು ಆರ್ಸೆನಿಕ್ ನಿರವಯವ, ಅಂದರೆ ಇಂಗಾಲದ ಜೊತೆ ಕೂಡಿರದ, ರೂಪದಲ್ಲೇ ಇರುತ್ತದೆ, ಅದು ನಿಜವಾದ ಪಾಷಾಣ. ಹೀಗಾಗಿ ಕೆನಡಾ 2001ರಲ್ಲಿ, ಬ್ರಿಟನ್ 2004ರಲ್ಲಿ ಹಿಜಿಕಿ ತಿನ್ನಬೇಡಿ ಎಂದು ತಮ್ಮ ಜನಕ್ಕೆ ಹೇಳಿದವು, ಉಳಿದ ಪಾಚಿಗಳ ತಂಟೆಗೆ ಹೋಗಲಿಲ್ಲ. ಮೊತ್ತದ ಪಟ್ಟಿಯಲ್ಲಿ ಅಕ್ಕಪಕ್ಕ ನಿಲ್ಲಬಹುದಾದ ಎರಡು ಪಾಚಿಗಳನ್ನು ಬೇರ್ಪಡಿಸಿದ್ದು ರೂಪದ ಅಳತೆ.

ಕಡಲ ಮಾತು ನಮಗೇಕೆ ಎನ್ನುವವರಿಗೆ ನಮ್ಮದೇ ಕೆರೆಯ ಅಂತರಗಂಗೆಯ ಉದಾಹರಣೆ ಇದೆ. ಕ್ರೋಮಿಯಂ ಎರಡು ಮುಖ್ಯ ರೂಪಗಳಲ್ಲಿ ಸಿಗುತ್ತದೆ. ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ, ನೀರಿನಲ್ಲಿ ಸಲೀಸಾಗಿ ಹರಿಯುವಂಥದು. ಮೂರು ವೇಲೆನ್ಸಿಯದು ಬಹಳ ಮಟ್ಟಿಗೆ ಸೌಮ್ಯ. ನೇರಳೆ ಹೂವಿನ ಅಂತರಗಂಗೆಯನ್ನು ಆರು ವೇಲೆನ್ಸಿಯ ಕ್ರೋಮಿಯಂ ಬೆರೆಸಿದ ದ್ರಾವಣದಲ್ಲಿ ಬೆಳೆಸಿ, ಕ್ಷಕಿರಣಗಳಿಂದ ಅದರ ಬೇರು ಎಲೆಗಳನ್ನು ನೋಡಿದ ಅಮೆರಿಕದ ವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ್ದು ಇದು: ಗಿಡದೊಳಗೆ ಸಿಕ್ಕಿದ್ದು ಮೂರು ವೇಲೆನ್ಸಿಯ ಕ್ರೋಮಿಯಂ. ಗಿಡ ವಿಷವನ್ನು ಹೀರಿ, ಹೀರುವಾಗಲೇ ಅದನ್ನು ಪಳಗಿಸಿತ್ತು. ಇಷ್ಟೇ ಕೇಳಿದರೆ ಅಂತರಗಂಗೆಯನ್ನು ಕೆರೆಕೆರೆಗೂ ಬಿಡೋಣ ಎನ್ನಿಸೀತು. ಪಾದರಸದ ವಿಷಯಕ್ಕೆ ಬಂದರೆ ಕತೆ ತಿರುಗುತ್ತದೆ. ಬ್ರೆಜಿಲ್‌ನ ನೆರೆಬಯಲಿನ ಕೆರೆಗಳಲ್ಲಿ ತೇಲುಗಿಡಗಳ ಬೇರಿನ ಜಾಲದಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಸಾಧಾರಣ ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುವುದನ್ನೂ, ಆ ಕೆಲಸ ತಳದ ಕೆಸರಿಗಿಂತ ಬೇರಿನಲ್ಲಿಯೇ ಹೆಚ್ಚು ನಡೆಯುವುದನ್ನೂ 2000ದ ಹೊತ್ತಿಗೆ ಸಂಶೋಧಕರು ಅಳೆದು ತೋರಿಸಿದರು. ಮೀಥೈಲ್ ಪಾದರಸವೆಂದರೆ ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಪತ್ತೆಯಾದ ಆ ಭೀಕರ ನರರೋಗದ ಮೂಲ. ಅದು ಮೀನಿನಿಂದ ಮನುಷ್ಯನಿಗೆ ಏರುತ್ತದೆ. ಒಂದೇ ಬಗೆಯ ಗಿಡ ಒಂದು ಲೋಹವನ್ನು ಸೌಮ್ಯಗೊಳಿಸುತ್ತದೆ, ಇನ್ನೊಂದನ್ನು ಉಗ್ರಗೊಳಿಸಲು ಮನೆ ಮಾಡಿಕೊಡುತ್ತದೆ. ಗಿಡವನ್ನು ಸುಟ್ಟು ಬೂದಿ ಮಾಡಿ ಅಥವಾ ಆಮ್ಲದಲ್ಲಿ ಪೂರ್ತಿ ಕರಗಿಸಿ ಲೋಹದ ಒಟ್ಟು ಮೊತ್ತ ತೆಗೆದರೆ ಈ ಎರಡು ಸಂಗತಿಗಳೂ ಆ ಬೆಂಕಿಯಲ್ಲೋ ಆಮ್ಲದಲ್ಲೋ ನಾಶವಾಗುತ್ತವೆ.

ನಾವು ತಿನ್ನುವ ಜಲಸಸ್ಯವೊಂದಿದೆ, ಅದು ಭತ್ತ. ಕಲಘಟಗಿಯ ತಾಟಿನಲ್ಲಿ ಅದೇ ಮುಖ್ಯ. ನಿಂತ ನೀರಿನ ಗದ್ದೆಯಲ್ಲಿ ಮಣ್ಣಿಗೆ ಉಸಿರು ಕಟ್ಟಿದಾಗ ಕಬ್ಬಿಣಕ್ಕೆ ಅಂಟಿಕೊಂಡಿದ್ದ ಆರ್ಸೆನಿಕ್ ಬಿಡುಗಡೆಯಾಗಿ ಆರ್ಸೆನೈಟ್ ಎಂಬ ನಿರವಯವ ರೂಪಕ್ಕೆ ಬರುತ್ತದೆ. ಭತ್ತದ ಬೇರು ಸಿಲಿಕಾನ್ ಹೀರುವ ದಾರಿಯಲ್ಲೇ ಅದನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದು 2008ರಲ್ಲಿ ಖಚಿತವಾಯಿತು. ಕಲಘಟಗಿ ಸೀಮೆಯಲ್ಲಿ ಕೂರಿಗೆಯಿಂದ ಬಿತ್ತಿ ಮಳೆಯ ಮೇಲೆ ಬಿಡುವ ಭತ್ತ, ಮೊದಲ ವಾರಗಳನ್ನು ಒಣನೆಲದಲ್ಲೇ ಕಳೆಯುತ್ತದೆ. ಸಸಿ ನಾಟಿ ಮಾಡಿ ನೀರು ನಿಲ್ಲಿಸಿದ ಗದ್ದೆಗೂ ಇದಕ್ಕೂ ಈ ವಿಷಯದಲ್ಲಿ ದೊಡ್ಡ ಅಂತರವಿರಬೇಕೆಂದು ರಸಾಯನಶಾಸ್ತ್ರ ಹೇಳುತ್ತದೆ. ಅಕ್ಕಿಯ ಕಾಳಿನಲ್ಲಿ ಆರ್ಸೆನಿಕ್ ಮುಖ್ಯವಾಗಿ ಎರಡು ಬಗೆಯಲ್ಲಿ ಕೂಡಿರುತ್ತದೆ: ನಿರವಯವ ರೂಪ ಒಂದು, ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸಿದ ಡೈಮೀಥೈಲ್ ರೂಪ ಇನ್ನೊಂದು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಪ್ರಯೋಗಾಲಯಗಳ ಪರೀಕ್ಷೆಗೆಂದು ಮಾರುವ 1568ಬಿ ಎಂಬ ಅಕ್ಕಿಹಿಟ್ಟನ್ನು ತೆಗೆದುಕೊಳ್ಳಿ. ಅದರಲ್ಲಿ ಕಿಲೋಗೆ ಒಟ್ಟು ಆರ್ಸೆನಿಕ್ 0.285 ಮಿಲಿಗ್ರಾಂ, ಅದರೊಳಗೆ ನಿರವಯವದ್ದು 0.092, ಡೈಮೀಥೈಲ್‌ದು 0.180. ಪಾಲಿಶ್ ಮಾಡಿದ ಅಕ್ಕಿಗೆ ಅಂತರರಾಷ್ಟ್ರೀಯ ಆಹಾರ ಮಾನಕಗಳ ಕೋಡೆಕ್ಸ್ ಆಯೋಗ 2014ರಲ್ಲಿ ನಿಗದಿ ಮಾಡಿದ 0.2 ಮಿಲಿಗ್ರಾಂ ಮಿತಿ ಅನ್ವಯಿಸುವುದು ನಿರವಯವ ರೂಪಕ್ಕೆ. ಮೊತ್ತ ನೋಡಿದವನು ಈ ಹಿಟ್ಟನ್ನು ತಳ್ಳಿಹಾಕುತ್ತಾನೆ, ರೂಪ ನೋಡಿದವನು ಇದು ಮಿತಿಯ ಅರ್ಧಕ್ಕಿಂತ ಕೆಳಗಿದೆ ಎನ್ನುತ್ತಾನೆ. ಇನ್ನೊಂದು ಅಕ್ಕಿಯಲ್ಲಿ ಒಟ್ಟು ಮೊತ್ತ ಇದಕ್ಕಿಂತ ಕಡಿಮೆಯಿದ್ದು ಪೂರಾ ನಿರವಯವವೇ ಆಗಿದ್ದರೆ ತೀರ್ಪು ತಲೆಕೆಳಗಾಗಬಹುದು. ಅಂದಹಾಗೆ, ಶುದ್ಧ ನೀರು ಹೆಚ್ಚಿಗೆ ಹಾಕಿ ಬೇಯಿಸಿ ಗಂಜಿ ಬಸಿಯುವ ನಮ್ಮ ಹಳೆಯ ಪದ್ಧತಿಯಿಂದ ಈ ನಿರವಯವ ಪಾಲು ತಕ್ಕಮಟ್ಟಿಗೆ ಇಳಿಯುತ್ತದೆ. ಕುಕ್ಕರಿನಲ್ಲಿ ಎಲ್ಲವೂ ಅನ್ನದಲ್ಲೇ ಉಳಿಯುತ್ತದೆ.

ಇಂಥ ಅಳತೆ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಅದರ ಕಷ್ಟವೂ ಬೆಲೆಯೂ ಗೊತ್ತಾಗುತ್ತವೆ. ಕೆರೆಯಿಂದ ಕಿತ್ತ ಆಪಿನ ಬೇರನ್ನು ಗಮನಿಸಿ. ಅದರ ಮೇಲೆ ತುಕ್ಕಿನ ಬಣ್ಣದ ತೆಳು ಪದರ ಇರುತ್ತದೆ. ಗಿಡ ಕಾಂಡದ ಮೂಲಕ ಬೇರಿಗೆ ಇಳಿಸಿದ ಗಾಳಿ ಹೊರಬಂದು ಕೆಸರಿನ ಕಬ್ಬಿಣಕ್ಕೆ ತಾಗಿ ಕಟ್ಟಿದ ಕಬ್ಬಿಣದ ಕವಚ ಅದು. ಆರ್ಸೆನಿಕ್ ಈ ಕವಚಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬೇರನ್ನು ಬರೀ ನೀರಿನಲ್ಲಿ ಜಾಲಾಡಿಸಿ ಅರೆದರೆ, ಗಿಡ ಹೀರದೇ ಇದ್ದ, ಹೊರಗೇ ತಡೆದು ನಿಲ್ಲಿಸಿದ ಆರ್ಸೆನಿಕ್ ಕೂಡ ಗಿಡದ ಲೆಕ್ಕಕ್ಕೆ ಸೇರಿಬಿಡುತ್ತದೆ. ಆದ್ದರಿಂದ ಆ ಕವಚವನ್ನು ರಾಸಾಯನಿಕ ದ್ರಾವಣದಿಂದ ಮೊದಲು ಬಿಡಿಸಿ, ಅದರ ಅಂಕಿಯನ್ನು ಬೇರೆಯೇ ಬರೆಯಬೇಕು. ಬೇರು, ಕಾಂಡ, ಎಲೆಗಳನ್ನು ಕಡಲೆಕಾಯಿ ರಾಶಿಯಂತೆ ಕೂಡಿಸದೆ ಬೇರ್ಪಡಿಸಿ, ಅಲ್ಲೇ ದಂಡೆಯ ಮೇಲೆ ಹೆಪ್ಪುಗಟ್ಟಿಸಿ, ಹೆಪ್ಪಿನಲ್ಲೇ ಒಣಗಿಸಬೇಕು. ಬಿಸಿಲಿಗೆ ಹರವಿದರೆ ಆರ್ಸೆನೈಟ್ ಗಾಳಿ ತಾಗಿ ಆರ್ಸೆನೇಟ್ ಎಂಬ ಇನ್ನೊಂದು ನಿರವಯವ ರೂಪವಾಗುತ್ತದೆ, ಯಾವ ರೂಪವನ್ನು ತಿಳಿಯಲು ಹೊರಟಿದ್ದೆವೋ ಅದೇ ಕೈತಪ್ಪುತ್ತದೆ. ಗಾಜಿನ ಪಾತ್ರೆಗಳು ರಾತ್ರಿಯಿಡೀ ನೈಟ್ರಿಕ್ ಆಮ್ಲದಲ್ಲಿ ನೆನೆದಿರಬೇಕು. ಪ್ರತಿ ಸರಣಿಯಲ್ಲೂ ಗಿಡವೇ ಇಲ್ಲದ ಖಾಲಿ ಮಾದರಿಯೊಂದನ್ನು ಎಲ್ಲ ಹಂತಗಳಿಗೂ ಒಡ್ಡಿ, ನಮ್ಮ ಕೈ, ನಮ್ಮ ಆಮ್ಲ, ನಮ್ಮ ನೀರಿನಿಂದ ಎಷ್ಟು ಲೋಹ ಸೇರಿತು ಎಂಬುದನ್ನು ಕಳೆಯಬೇಕು.

ಆಮೇಲೆ ಒಣಪುಡಿಯನ್ನು ಸೌಮ್ಯವಾದ ದ್ರಾವಣದಲ್ಲಿ, ನೀರು-ಮೆಥನಾಲ್ ಮಿಶ್ರಣದಲ್ಲಿ ಅಥವಾ ತೀರ ತೆಳುವಾದ ಆಮ್ಲದಲ್ಲಿ, ಕದಡಿ ಸಂಯುಕ್ತಗಳನ್ನು ಒಡೆಯದಂತೆ ಹೊರಗೆ ತರುತ್ತಾರೆ. ಆ ದ್ರವ ಒಂದು ಸಣ್ಣ ಕಂಬದ ಮೂಲಕ ಹಾಯುವಾಗ ಪ್ರತಿಯೊಂದು ಸಂಯುಕ್ತವೂ ತನ್ನದೇ ವೇಗದಲ್ಲಿ ಸರಿದು, ತನ್ನದೇ ಹೊತ್ತಿಗೆ ಹೊರಬೀಳುತ್ತದೆ. ಹೊರಬಿದ್ದದ್ದು ಸಾವಿರಾರು ಡಿಗ್ರಿ ಶಾಖದ ಆರ್ಗಾನ್ ಪ್ಲಾಸ್ಮಾದೊಳಗೆ ಹೋಗಿ ಪರಮಾಣುಗಳಾಗುತ್ತದೆ, ಉಪಕರಣ ಅವುಗಳನ್ನು ತೂಕದ ಮೇಲೆ ಎಣಿಸುತ್ತದೆ. ಆರ್ಸೆನಿಕ್‌ನ ತೂಕ 75. ಅದಕ್ಕೆ ಬೇರೆ ಸ್ಥಿರ ಐಸೋಟೋಪ್ ಇಲ್ಲ, ಆದ್ದರಿಂದ ಇನ್ನೊಂದು ತೂಕದಲ್ಲಿ ತಾಳೆ ನೋಡುವ ಅನುಕೂಲವೂ ಇಲ್ಲ. ನವಲಗುಂದದ ಮಟ್ಟಿಗೆ ಇಲ್ಲಿಯೇ ಒಂದು ಬಲೆ ಇದೆ. ಪ್ಲಾಸ್ಮಾದ ಆರ್ಗಾನ್ ತೂಕ 40, ಕ್ಲೋರಿನ್ ತೂಕ 35. ಎರಡೂ ಕ್ಷಣಕಾಲ ಕೂಡಿದರೆ 75. ಅಂದರೆ ಸವಳು ನೆಲದಲ್ಲಿ, ಉಪ್ಪಿನ ನೀರಿನಲ್ಲಿ ಬೆಳೆದ ಗಿಡದ ಉಪ್ಪೇ ಉಪಕರಣದ ಕಣ್ಣಿಗೆ ಪಾಷಾಣವಾಗಿ ಕಾಣಬಲ್ಲದು. ಇದನ್ನು ತಡೆಯಲು ಹೀಲಿಯಂ ಅನಿಲದ ಕೋಶದಲ್ಲಿ ಆ ಜೋಡಿಯನ್ನು ನಿಧಾನಗೊಳಿಸಿ ಹೊರಗಿಡುವ ಉಪಾಯವಿದೆ, ಕಂಬದಲ್ಲಿ ಕ್ಲೋರೈಡ್ ಬೇರೆ ಹೊತ್ತಿಗೆ ಹೊರಬೀಳುವಂತೆ ಮಾಡುವ ಉಪಾಯವೂ ಇದೆ. ಎರಡನ್ನೂ ಮಾಡದೆ ನಮ್ಮ ಯರಿ ಸೀಮೆಯ ಕೆರೆಗಿಡದಲ್ಲಿ ಆರ್ಸೆನಿಕ್ ಸಿಕ್ಕಿತು ಎಂದು ವರದಿ ಬರೆದವರ ಮಾತನ್ನು ನಾನು ಒಪ್ಪುವುದಿಲ್ಲ. ಕೊನೆಯಲ್ಲಿ ಬೇರ್ಪಡಿಸಿದ ರೂಪಗಳ ಅಂಕಿಗಳನ್ನೆಲ್ಲ ಕೂಡಿಸಿ, ಪೂರ್ತಿ ಕರಗಿಸಿ ತೆಗೆದ ಒಟ್ಟು ಮೊತ್ತಕ್ಕೆ ಹೋಲಿಸಬೇಕು. ಕೂಡಿಸಿದ್ದು ಮೊತ್ತದ ಅರ್ಧಕ್ಕೇ ನಿಂತರೆ, ಉಳಿದರ್ಧ ಗಿಡದ ತಿರುಳಿನಲ್ಲೇ ಉಳಿದಿದೆ ಎಂದು ಪ್ರಾಮಾಣಿಕವಾಗಿ ಬರೆಯಬೇಕು.

ಅಂಕಿಯನ್ನು ಹೇಳುವ ಕ್ರಮದಲ್ಲೂ ಎಚ್ಚರ ಬೇಕು. ಅಂತರಗಂಗೆಯ ಹಸಿ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು. ಒಣ ತೂಕದ ಕಿಲೋಗೆ ಒಂದು ಮಿಲಿಗ್ರಾಂ ಎಂದರೆ ಹಸಿ ತೂಕದ ಕಿಲೋಗೆ 0.05 ಮಿಲಿಗ್ರಾಂ. ಇಪ್ಪತ್ತು ಪಟ್ಟಿನ ಈ ಅಂತರವನ್ನು ಹೇಳದೆ ಬಿಟ್ಟರೆ ಒಂದೇ ಗಿಡ ಒಂದು ವರದಿಯಲ್ಲಿ ವಿಷದ ಮುದ್ದೆ, ಇನ್ನೊಂದರಲ್ಲಿ ನಿರಪಾಯ.

ಈಗ ಆಕ್ಷೇಪಗಳು. ಅಂತರಗಂಗೆಯನ್ನೋ ಆಪನ್ನೋ ಯಾರು ತಿನ್ನುತ್ತಾರೆ, ಅದರೊಳಗಿನ ವಿಷದಿಂದ ಯಾರಿಗೇನು ಎಂಬುದು ಮೊದಲನೆಯದು. ಬೇಸಿಗೆಯಲ್ಲಿ ಮೇವಿಲ್ಲದಾಗ ಎಮ್ಮೆಗಳು ಕೆರೆಗಿಳಿದು ಮೇಯುತ್ತವೆ. ಕಿತ್ತು ದಂಡೆಗೆ ಹಾಕಿದ ಗಿಡ ಕೊಳೆತು ತಿಪ್ಪೆಗೂ ಎರೆಗೊಬ್ಬರಕ್ಕೂ ಹೋಗುತ್ತದೆ, ಅಲ್ಲಿಂದ ಹೊಲಕ್ಕೆ. ಕೆರೆ ಶುದ್ಧವಾಯಿತೆಂದು ನಾವು ತಿಳಿದ ದಿನವೇ ಅದರ ಲೋಹ ಕಾಯಿಪಲ್ಲೆಯ ಮಡಿಗೆ ಇಳಿದಿರಬಹುದು. ಇನ್ನು ಅಜೋಲಾ ಎಂಬ ತೇಲುಗಿಡ. ಹಾಲು ಹೆಚ್ಚುತ್ತದೆಂದು ಮನೆಯ ಹಿತ್ತಲಲ್ಲಿ ತಾಡಪತ್ರಿ ಹಾಸಿ, ಹತ್ತು ಹದಿನೈದು ಕಿಲೋ ಸೋಸಿದ ಮಣ್ಣು, ಎರಡು ಕಿಲೋ ಸೆಗಣಿ, 30 ಗ್ರಾಂ ಸೂಪರ್ ಫಾಸ್ಫೇಟ್ ಕದಡಿ ಅದನ್ನು ಬೆಳೆಸಿ ಆಕಳಿಗೆ ಹಾಕುವ ಪದ್ಧತಿಯನ್ನು ಕೃಷಿ ವಿಜ್ಞಾನ ಕೇಂದ್ರಗಳು ಕಲಿಸುತ್ತ ಬಂದಿವೆ. ಒಳ್ಳೆಯ ಪದ್ಧತಿಯೇ. ಆದರೆ ಲೋಹ ಹೀರುವುದರಲ್ಲಿ ಅಜೋಲಾ ಪಳಗಿದ ಗಿಡ. ತೊಟ್ಟಿಗೆ ತುಂಬುವ ನೀರು ನಾಲಾದ್ದೋ ಕೆರೆಯದ್ದೋ ಎಂಬುದು, ಗೊಬ್ಬರದಲ್ಲಿ ಕ್ಯಾಡ್ಮಿಯಂ ಎಷ್ಟೆಂಬುದು ಅಲ್ಲಿ ಮುಖ್ಯವಾಗುತ್ತದೆ. ಜಲಸಸ್ಯ ನಮ್ಮ ತಾಟಿಗೆ ನೇರ ಬರದಿದ್ದರೂ ಹಾಲಿನ ತಂಬಿಗೆಯ ದಾರಿ ಅದಕ್ಕೆ ತೆರೆದೇ ಇದೆ.

ಗಿಡದ ಸಾಕ್ಷ್ಯವನ್ನು ನಂಬುವುದು ಹೇಗೆ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಆರ್ಸೆನೇಟ್ ಮತ್ತು ಫಾಸ್ಫೇಟ್ ಅಣುಗಳ ಆಕಾರ ಒಂದೇ ತರಹದ್ದು. ಗಿಡ ಎರಡನ್ನೂ ಒಂದೇ ಬಾಗಿಲಿನಿಂದ ಒಳಗೆ ಬಿಡುತ್ತದೆ. ಗೊಬ್ಬರದ ನೀರು ಹರಿದು ಕೆರೆಯಲ್ಲಿ ಫಾಸ್ಫೇಟ್ ಹೆಚ್ಚಾದರೆ ಬಾಗಿಲಲ್ಲಿ ನೂಕುನುಗ್ಗಲಾಗಿ ಆರ್ಸೆನೇಟ್ ಹೊರಗುಳಿಯುತ್ತದೆ. ಆಗ ನೀರಿನಲ್ಲಿ ವಿಷ ಇದ್ದೂ ಗಿಡದಲ್ಲಿ ಕಡಿಮೆ ಕಾಣುತ್ತದೆ. ಜಾತಿಯಿಂದ ಜಾತಿಗೆ, ಬೇರಿನಿಂದ ಎಲೆಗೆ, ಎಳೆಯದರಿಂದ ಬಲಿತದ್ದಕ್ಕೆ ಅಂಕಿ ಬದಲಾಗುತ್ತದೆ. ಇದೆಲ್ಲ ಸತ್ಯ, ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಗಿಡವೊಂದನ್ನೇ ಅಳೆದು ನೀರಿನ ಮೊತ್ತವನ್ನು ಊಹಿಸುವುದು ತಪ್ಪು. ಒಂದೇ ಜಾತಿ, ಒಂದೇ ಅಂಗ, ಒಂದೇ ತಿಂಗಳು ಎಂದು ಗೊತ್ತುಮಾಡಿಕೊಂಡು, ಅದೇ ದಿನದ ನೀರನ್ನೂ ಕೆಸರನ್ನೂ ಫಾಸ್ಫೇಟನ್ನೂ ಜೊತೆಗೇ ಅಳೆದು, ಒಂದು ಜಾಗವನ್ನು ಇನ್ನೊಂದರ ಜೊತೆ ಹೋಲಿಸುವುದು ಸರಿಯಾದ ದಾರಿ. ಹಾಗೆ ಮಾಡಿದಾಗ ಫಾಸ್ಫೇಟಿನ ಪ್ರಭಾವವೇ ಒಂದು ಸುದ್ದಿಯಾಗುತ್ತದೆ. ಗೊಬ್ಬರ ಕಡಿಮೆ ಬಿದ್ದ ವರ್ಷ ಗಿಡದಲ್ಲಿ ಆರ್ಸೆನಿಕ್ ಏರಿದರೆ, ಅದು ನೀರಿಗೆ ಹೊಸದಾಗಿ ಬಂದದ್ದಲ್ಲ, ಮೊದಲಿನಿಂದ ಇದ್ದದ್ದು ಎಂದು ತಿಳಿಯಲು ಆಗುತ್ತದೆ.

ಸೂಕ್ಷ್ಮ ಸಂಯುಕ್ತಗಳು ದಾರಿಯಲ್ಲೇ ಕೆಡುತ್ತವೆ ಎಂದು ರಸಾಯನಶಾಸ್ತ್ರಜ್ಞರೇ ಹೇಳುತ್ತಾರೆ. ಗಿಡ ಆರ್ಸೆನೈಟನ್ನು ಗಂಧಕದ ಅಂಶವಿರುವ ಸಣ್ಣ ಪ್ರೋಟೀನಿನಂಥ ಅಣುಗಳಿಗೆ ಕಟ್ಟಿಡುತ್ತದೆ; ಒಣಗಿಸುವಾಗ, ಕಂಬದಲ್ಲಿ ಹಾಯಿಸುವಾಗ ಆ ಕಟ್ಟು ಬಿಚ್ಚಿಹೋಗುವುದುಂಟು. ಅದನ್ನು ಇದ್ದ ಸ್ಥಿತಿಯಲ್ಲೇ ನೋಡಬೇಕಾದರೆ ಇಂದೋರಿನ ಇಂಡಸ್-2ರಂಥ ಸಿಂಕ್ರೋಟ್ರಾನಿನ ಕ್ಷಕಿರಣವೇ ಬೇಕು. ಆರೋಗ್ಯದ ಪ್ರಶ್ನೆಗೆ ಅಷ್ಟು ದೂರ ಹೋಗಬೇಕಾಗಿಲ್ಲ. ನಿರವಯವ ಪಾಲು ಎಷ್ಟು, ಮೀಥೈಲ್ ಪಾಲು ಎಷ್ಟು ಎಂಬ ಭೇದ ಸರಿಯಾಗಿ ಕಾಯ್ದ ಮಾದರಿಯಲ್ಲಿ ಉಳಿಯುತ್ತದೆ, ಆಹಾರದ ಮಿತಿಗಳೂ ಆ ಭೇದದ ಮೇಲೆಯೇ ನಿಂತಿವೆ.

ಖರ್ಚಿನ ಆಕ್ಷೇಪಕ್ಕೆ ಉತ್ತರ ಹಂತಹಂತದ ಕೆಲಸ. ಎಲ್ಲ ಗಿಡಗಳನ್ನೂ ದುಬಾರಿ ಯಂತ್ರಕ್ಕೆ ಒಡ್ಡಬೇಕಿಲ್ಲ. ಮೊದಲು ಒಟ್ಟು ಮೊತ್ತ ತೆಗೆದು, ಹೆಚ್ಚು ಬಂದವನ್ನು ಮಾತ್ರ ರೂಪದ ಅಳತೆಗೆ ಕಳಿಸಿದರೆ ಸಾಕು. ನಡುವೆ ಒಂದು ಅಗ್ಗದ ಮೆಟ್ಟಿಲೂ ಇದೆ. 1836ರಲ್ಲಿ ಜೇಮ್ಸ್ ಮಾರ್ಷ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ವಿಷಪ್ರಯೋಗದ ಮೊಕದ್ದಮೆಗಳಿಗಾಗಿ ಆರ್ಸೆನಿಕ್ಕನ್ನು ಅನಿಲವಾಗಿಸಿ, ಕಾಯಿಸಿ, ಗಾಜಿನ ಕೊಳವೆಯ ಮೇಲೆ ಕಪ್ಪು ಕನ್ನಡಿಯಂತೆ ಕೂರಿಸಿ ತೋರಿಸಿದ. ಅದೇ ತತ್ವದ ಇಂದಿನ ಹೈಡ್ರೈಡ್ ಉಪಕರಣ ಸಾಧಾರಣ ಪ್ರಯೋಗಾಲಯಗಳ ಕೈಗೆಟುಕುವಂಥದು. ದ್ರಾವಣದ ಆಮ್ಲೀಯತೆಯನ್ನು ಕಡಿಮೆಯಿಟ್ಟರೆ ಆರ್ಸೆನೈಟ್ ಮಾತ್ರ ಅನಿಲವಾಗುತ್ತದೆ. ಹೆಚ್ಚಿಸಿ, ಮೊದಲೇ ಅಪಕರ್ಷಿಸಿದರೆ ಆರ್ಸೆನೇಟ್ ಕೂಡ ಬರುತ್ತದೆ. ಎರಡರ ವ್ಯತ್ಯಾಸದಿಂದ ಎರಡೂ ತಿಳಿಯುತ್ತವೆ. ಪಂಚಾಯಿತಿಗಳಿಗೆ ಕೊಟ್ಟ ನೀರಿನ ಕಿಟ್ಟುಗಳು ಕ್ಲೋರೈಡ್, ಗಡಸುತನ, ಫ್ಲೋರೈಡ್, ನೈಟ್ರೇಟುಗಳಿಗೆ ಉಪಯುಕ್ತ, ಈ ಕೆಲಸಕ್ಕೆ ಅವು ಸಾಲವು. ಆದರೆ ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ, 2016ರಿಂದ ಐಐಟಿ, ಇವೆಲ್ಲ ಇರುವ ಜಿಲ್ಲೆಯಲ್ಲಿ ಸಾಧನವಿಲ್ಲ ಎಂಬ ಮಾತು ನಿಲ್ಲುವುದಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಆಕ್ಷೇಪ ಇನ್ನೊಂದು: ಅಳೆದು ಹೇಳಿದರೆ ಜನ ಹೆದರುತ್ತಾರೆ, ಹೆದರಿದ ಜನ ಕೆರೆಯನ್ನೇ ತೊರೆಯುತ್ತಾರೆ. 2018ರ ಕೊನೆಯಲ್ಲಿ ನವಲಗುಂದ ತಾಲೂಕಿನ ಮೊರಬದಲ್ಲಿ ನಡೆದದ್ದನ್ನು ಇದಕ್ಕೆ ಸಾಕ್ಷಿ ಕೊಡುತ್ತಾರೆ. ಎಚ್‌ಐವಿ ಸೋಂಕಿತೆಯೆಂದು ಸುದ್ದಿಯಾದ ಹೆಣ್ಣುಮಗಳೊಬ್ಬಳ ದೇಹ ಊರಿನ ಕುಡಿಯುವ ನೀರಿನ ಕೆರೆಯಲ್ಲಿ ಸಿಕ್ಕಿತು. ಆ ಸೋಂಕು ನೀರಿನಿಂದ ಹರಡುವುದಿಲ್ಲ ಎಂದು ಅಧಿಕಾರಿಗಳೂ ವೈದ್ಯರೂ ಹೇಳಿದರು, ನೀರು ಪರೀಕ್ಷಿಸಿ ತೋರಿಸುತ್ತೇವೆ ಎಂದರು. ಊರು ಒಪ್ಪಲಿಲ್ಲ. ಪತ್ರಿಕೆಗಳು 36 ಎಕರೆಯದೆಂದು ಬರೆದ ಆ ಕೆರೆಯನ್ನು ಪಂಪು ಪೈಪು ಹಚ್ಚಿ ಬರಿದು ಮಾಡಿ, ಮತ್ತೆ ಮಲಪ್ರಭೆಯ ಕಾಲುವೆ ನೀರು ತುಂಬಿಸಬೇಕಾಯಿತು, ಅದೂ ಹನಿ ನೀರಿಗಾಗಿ ವರ್ಷಗಟ್ಟಲೆ ಹೋರಾಡಿದ ಸೀಮೆಯಲ್ಲಿ. ಒಬ್ಬ ನತದೃಷ್ಟೆಯ ಸಾವಿಗೆ ಸಲ್ಲಬೇಕಾಗಿದ್ದ ಮರುಕವೂ ಆ ಗದ್ದಲದಲ್ಲಿ ಕಳೆದುಹೋಯಿತು. ಇದನ್ನು ಜನರ ಅಜ್ಞಾನವೆಂದು ತಳ್ಳಿಹಾಕುವವರ ಜೊತೆ ನಾನು ನಿಲ್ಲಲಾರೆ. ಭಯ ಹುಟ್ಟಿದ ಮೇಲೆ ಬಂದ ಪರೀಕ್ಷೆಯ ಮಾತು ಸಮಜಾಯಿಷಿಯಂತೆ ಕೇಳಿಸುತ್ತದೆ, ಯಾರಿಗೇ ಆದರೂ. ಅದೇ ಕೆರೆಯ ನೀರು, ಕೆಸರು, ಗಿಡಗಳ ಅಂಕಿಗಳು ವರ್ಷವರ್ಷವೂ ಊರಿನವರ ಎದುರಿಗೆ ತೆಗೆದ ಮಾದರಿಗಳಿಂದ ಬಂದು ಪಂಚಾಯಿತಿಯ ಫಲಕದ ಮೇಲೆ ಇದ್ದಿದ್ದರೆ, ಪರೀಕ್ಷೆ ಎಂಬುದು ಅವರಿಗೆ ಪರಿಚಿತವಾದ ಕೆಲಸವಾಗಿರುತ್ತಿತ್ತು. ವೈದ್ಯರ ಮಾತಿಗೆ ನಿಲ್ಲಲು ಒಂದು ನೆಲೆಯಾದರೂ ಇರುತ್ತಿತ್ತು. ರೂಪದ ಅಳತೆ ಇಲ್ಲಿ ಇನ್ನೂ ಹೆಚ್ಚಿನ ಸಹಾಯ ಮಾಡುತ್ತದೆ. ನಿಮ್ಮ ಕೆರೆಯ ಗಿಡದಲ್ಲಿ ಕ್ರೋಮಿಯಂ ಇದೆ ಎಂದಷ್ಟೇ ಹೇಳಿ ಬಿಡುವುದು ಕ್ರೌರ್ಯ. ಇದೆ, ಸೌಮ್ಯ ರೂಪದಲ್ಲಿದೆ, ಆದರೆ ಆ ಗಿಡವನ್ನು ಗೊಬ್ಬರಕ್ಕೆ ಹಾಕುವ ಮೊದಲು ಇಷ್ಟು ನೋಡಿಕೊಳ್ಳಿ ಎಂದು ಹೇಳಲು ಸಾಧ್ಯವಾದಾಗ ಅಂಕಿಯೊಂದು ಬಳಕೆಗೆ ಬರುತ್ತದೆ.

ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಈ ಜಿಲ್ಲೆಯ ಭೂಗೋಳವೇ ತೋರಿಸುತ್ತದೆ. ಬೆಣ್ಣಿಹಳ್ಳ ಶಿಗ್ಗಾವಿಯ ಕಡೆಯಿಂದ ಬಂದು ಕುಂದಗೋಳ ತಾಲೂಕನ್ನು ಹಾಯ್ದು, ಹುಬ್ಬಳ್ಳಿಯ ಕೊಳಚೆ ಕೂಡಿದ ಮೇಲೆ ನವಲಗುಂದದ ಹೊಲಗಳ ನಡುವೆ ಹರಿದು ಮಲಪ್ರಭೆಗೆ ಸೇರುತ್ತದೆ. ಕೊಳಚೆ ಕೂಡುವ ಮೊದಲು ಕುಂದಗೋಳದಲ್ಲೊಂದು ಜಾಗ, ಕೂಡಿದ ಮೇಲೆ ನವಲಗುಂದದಲ್ಲಿ ಎರಡು ಜಾಗ. ಮೂರರಲ್ಲೂ ಅದೇ ಆಪು, ಅದೇ ವಯಸ್ಸಿನ ಎಲೆ, ಕವಚ ಬಿಡಿಸಿದ ಬೇರು. ಹಳ್ಳದ ನೀರು ಸೇರದ, ಕಾಲುವೆಯಿಂದಷ್ಟೇ ತುಂಬುವ ಅಣ್ಣಿಗೇರಿ ಕಡೆಯ ಕೆರೆಯೊಂದು. ಪಶ್ಚಿಮಕ್ಕೆ ಹರಿಯುವ ಬೇಡ್ತಿಯ ಪಾತ್ರದಿಂದ, ನಗರದ ನಾಲಾ ಮುಟ್ಟದ ಕಲಘಟಗಿಯ ಕೆರೆಯೊಂದು ಮತ್ತು ಅದರ ಕೆಳಗಿನ ಭತ್ತ. ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವ ಮುನ್ನ ಒಮ್ಮೆ, ಮಳೆಗಾಲ ಮುಗಿದು ಹಿಂಗಾರಿ ಬಿತ್ತನೆಯ ಹೊತ್ತಿಗೆ ಇನ್ನೊಮ್ಮೆ. ಆರ್ಸೆನಿಕ್, ಕ್ರೋಮಿಯಂ, ಪಾದರಸಗಳಿಗೆ ರೂಪವನ್ನೂ, ಸೀಸ ಕ್ಯಾಡ್ಮಿಯಂಗಳಿಗೆ ಸದ್ಯಕ್ಕೆ ಮೊತ್ತವನ್ನೂ ತೆಗೆಯಬಹುದು. ಪ್ರತಿ ಮಾದರಿಯನ್ನೂ ಎರಡು ಪಾಲು ಮಾಡಿ ಒಂದನ್ನು ಮೊಹರು ಹಾಕಿ ಶೈತ್ಯದಲ್ಲಿ ಇಟ್ಟರೆ, ಅಂಕಿಯನ್ನು ಪ್ರಶ್ನಿಸುವ ಯಾವ ಊರಿಗಾದರೂ ಅದನ್ನು ಬೇರೆ ಪ್ರಯೋಗಾಲಯದಲ್ಲಿ ಮತ್ತೆ ಅಳೆಸುವ ಹಕ್ಕು ಸಿಗುತ್ತದೆ. ಆ ಹಕ್ಕನ್ನು ಮೊದಲ ವರ್ಷದಿಂದಲೇ ಬರವಣಿಗೆಯಲ್ಲಿ ಕೊಡಬೇಕು.